ಮೂರನೇ ವರ್ಷನ್ನಿನ ಕಂಡಕ್ಟರ್

ಜೂನ್ ೨, ಸೋಮವಾರ

ಈ ಡೈರಿ ಅಮ್ಮ ಕಳಿಸಿದ್ದು. "ದಿನಕ್ಕೊಂದಾದರೂ ಒಳ್ಳೇದು ನೆನೆಸಿಕೊಂಡು ಬರಿ, ಯಾವಾಗಲೂ ಮುಖ ಗಂಟು ಹಾಕಿಕೊಂಡಿರ್ತೀಯ" ಎಂದು ಮೊದಲ ಪುಟದಲ್ಲೇ ಅವಳ ದುಂಡು ಅಕ್ಷರದ ಅಪ್ಪಣೆ. ಸರಿ. ಇವತ್ತಿನ ಒಳ್ಳೆಯದು: ಆಫೀಸಿನ ಕೆಳಗಿರುವ ಟೈಲರ್ ತನ್ನ ಸ್ಕೂಟರನ್ನು ಮೆಟ್ಟಿಲಿಗೆ ಅಡ್ಡ ನಿಲ್ಲಿಸಿರಲಿಲ್ಲ. ಬರೆದೆ, ಆಯಿತು.

ಬೆಳಿಗ್ಗೆ ಅವಳ ಫೋನೂ ಬಂತು. "ನಿನ್ನ ಕೆಲಸ ಏನೇ? ಪಕ್ಕದ ಮನೆಯವರು ಕೇಳಿದ್ರೆ ಹೇಳೋಕೆ ಬರಲ್ಲ ನಂಗೆ." ಆಮೇಲೆ ಹೇಳ್ತೀನಿ ಎಂದು ಇಟ್ಟುಬಿಟ್ಟೆ. ಇಡದಿದ್ದರೆ, ನಾನು ಮೂರು ವರ್ಷದವಳಾಗುವವರೆಗೂ ಮಾತೇ ಆಡದೆ, ಕೊನೆಗೊಂದು ದಿನ ಬಾಯಿ ಬಿಟ್ಟು "ಬೇಡ" ಎಂದ ಕಥೆ ಶುರುವಾಗುತ್ತಿತ್ತು. ಆ ಕಥೆ ಕೇಳಿ ಕೇಳಿ ಕಿವಿ ತೂತು ಬಿದ್ದಿದೆ.

ಅವಳಿಗೆ ಹೇಳುವುದಾದರೂ ಹೇಗೆ? ನಮ್ಮ ಆ್ಯಪ್ ಒಂದು ಮಾತಿನ ಹಲಗೆ ಕಣಮ್ಮಾ. ಮಾತು ನಿಂತುಹೋದವರು ಫೋನಿನ ಮೇಲಿನ ಚಿತ್ರದ ಚೌಕ ಒತ್ತಿದರೆ ಫೋನು ಅವರ ಪರವಾಗಿ ಮಾತಾಡುತ್ತದೆ. ಯಾವ ಮಾತು, ಯಾರ ಧ್ವನಿ ಎಂಬುದನ್ನು ಅವರೇ ತುಂಬಿಕೊಳ್ಳುತ್ತಾರೆ. ಅದೆಲ್ಲ ಇರುವುದು ಅವರ ಫೋನಿನೊಳಗಿನ ಡೇಟಾಬೇಸಿನಲ್ಲಿ, ನಮ್ಮ ಬಳಿ ಒಂದು ಮಾತೂ ಇಲ್ಲ. ನಾವು ಆ್ಯಪ್ ಬದಲಿಸಿದಾಗಲೆಲ್ಲ ಆ ಡೇಟಾಬೇಸು ಅವರ ಜೇಬಿನಲ್ಲೇ ಕೂತು ತನ್ನ ರೂಪ ಬದಲಿಸಿಕೊಳ್ಳಬೇಕು. ಮೂರನೇ ವರ್ಷನ್ನಿಂದ ನಾಲ್ಕಕ್ಕೆ ಒಂದು ಮೆಟ್ಟಿಲು, ನಾಲ್ಕರಿಂದ ಐದಕ್ಕೆ ಇನ್ನೊಂದು. ಆ ಮೆಟ್ಟಿಲು ಕಟ್ಟುವವಳು ನಾನು.

ಈಗ ಒಂಬತ್ತನೆಯದು ಬರಬೇಕು. ಫೋನುಗಳ ಒಳವ್ಯವಸ್ಥೆ ಬದಲಾಗುತ್ತಿದೆ, ಹಳೆಯ ವರ್ಷನ್‌ಗಳು ಯಾವತ್ತು ಕೈಕೊಡುತ್ತವೋ ಹೇಳಲಾಗದು. ಹೆಚ್ಚಿನವರು ಎಂಟರಲ್ಲಿದ್ದಾರೆ. ಮೂರು, ನಾಲ್ಕರಲ್ಲೇ ಬೇರು ಬಿಟ್ಟು ಕೂತವರೂ ಒಂದಷ್ಟು ಮಂದಿ ಇದ್ದಾರೆ. ಅಪ್‌ಡೇಟ್ ಒತ್ತಲು ಇವರಿಗೇನು ಕೈನೋವೋ. ಇವರ ದೆಸೆಯಿಂದ ನಾನು ಹಳೆಯ ಮೆಟ್ಟಿಲುಗಳನ್ನೆಲ್ಲ ಗುಡಿಸಿ ಒರೆಸಿ ಇಟ್ಟುಕೊಂಡಿರಬೇಕು.

ಜೂನ್ ೫, ಗುರುವಾರ

ಅಪಶಕುನದ ಜೊತೆ ಜಗಳ. ನಮ್ಮ ಟೆಸ್ಟರ್‌ಗೆ ನಾನಿಟ್ಟ ಹೆಸರು ಅದು, ಅವರಿಗೂ ಗೊತ್ತು. ಯಾರು ಏನೇ ಮಾಡಿ ತೋರಿಸಿದರೂ "ಅಕಸ್ಮಾತ್ ಹಿಂಗಾದ್ರೆ?" ಎನ್ನುವುದೇ ಅವರ ಕಸುಬು. ಅವರ ಮೇಜಿನ ಕೆಳಗಿನ ಡ್ರಾಯರ್ ತುಂಬ ಹಳೆಯ ಫೋನುಗಳು. ಗಾಜು ಒಡೆದದ್ದು, ಬ್ಯಾಟರಿ ಉಬ್ಬಿದ್ದು, ಗುಂಡಿ ಉದುರಿದ್ದು, ಯಾವುದನ್ನೂ ಎಸೆಯಲು ಬಿಡುವುದಿಲ್ಲ.

ಜಗಳ ಒಂದೇ ಒಂದು ಸಾಲಿನದು. ಹತ್ತುವಾಗ ಯಾವುದೋ ಮೆಟ್ಟಿಲು ತಪ್ಪಿದರೆ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಖಾಲಿ ಹಲಗೆ ಕಟ್ಟಿಕೋ, ಎಂದು ನಾನೊಂದು ಸಾಲು ಸೇರಿಸಿದ್ದೆ. ಎಲ್ಲರೂ ಸೇರಿಸುತ್ತಾರೆ. ಆ್ಯಪ್ ತೆರೆಯದೆ ಸತ್ತು ಬೀಳುವುದಕ್ಕಿಂತ ಖಾಲಿಯಾಗಿ ತೆರೆಯುವುದು ವಾಸಿ.

"ಯಾರಿಗೆ ವಾಸಿ?" ಅಂದರು ಅಪಶಕುನ.

"ನಮಗೆ. ಆ್ಯಪ್ ತೆರೀತಿಲ್ಲ ಅಂತ ದೂರು ಬರಲ್ಲ."

"ದೂರು ಬರಲ್ಲ ನಿಜ. ಅವರ ಮಾತು ಹೋಗಿರತ್ತಲ್ಲ, ದೂರು ಹೇಳೋಕೆ ಬಾಯಿ ಎಲ್ಲಿರತ್ತೆ?"

ಅಷ್ಟರಲ್ಲಿ ಮೇಡಂ ಬಂದರು. ಈ ಕಂಪನಿ ಅವರದು. ಮೊದಲು ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುತ್ತಿದ್ದವರು, ಕೋಡು ಓದಲು ಬಾರದು. ಆದರೂ ನನ್ನ ಸಾಲನ್ನು ಓದಿಸಿ ಕೇಳಿಸಿಕೊಂಡು, "ತೆಗೆದುಬಿಡಮ್ಮಾ. ಆ ಹಲಗೆ ನಮ್ದಲ್ಲ" ಅಂದರು.

ತೆಗೆದೆ. ಮೂಗಿನ ತುದಿಗೆ ಬಂದಿದ್ದ ಕೋಪ ಇನ್ನೂ ಇಳಿದಿಲ್ಲ. ಇವತ್ತಿನ ಒಳ್ಳೆಯದು: ಏನೂ ಇಲ್ಲ.

ಜೂನ್ ೧೧, ಬುಧವಾರ

ಒಂಬತ್ತು ಹೊರಬಿತ್ತು. ಹಳೆಯ ವರ್ಷನ್ನಿನವರಿಗೆಲ್ಲ "ದಯವಿಟ್ಟು ತಪ್ಪದೆ ಅಪ್‌ಡೇಟ್ ಮಾಡಿಕೊಳ್ಳಿ" ಎಂದು ಸಂದೇಶ ಕಳಿಸಿದೆ. ಮೂರರಿಂದ ಹಿಡಿದು ಎಂಟರವರೆಗೆ ಎಲ್ಲ ಮೆಟ್ಟಿಲೂ ಪರೀಕ್ಷೆಯಲ್ಲಿ ಪಾಸಾಗಿತ್ತು. ಅಪಶಕುನ ಮಾತ್ರ ಹುಳಿ ತಿಂದ ಮುಖ ಮಾಡಿಕೊಂಡೇ ಸಹಿ ಹಾಕಿದರು.

ಅಮ್ಮನ ಫೋನು. ಮೀಟಿಂಗಿನಲ್ಲಿದ್ದೇನೆ ಎಂದು ಸುಳ್ಳು ಹೇಳಿದೆ. ಒಳ್ಳೆಯದು: ಚಹಾ ಚೆನ್ನಾಗಿತ್ತು.

ಜೂನ್ ೧೬, ಸೋಮವಾರ

ಎಲ್ಲ ಸುಸೂತ್ರ. ಒಂದೇ ಒಂದು ಫೋನು ಕಾಲು ಜಾರಿದೆ, ಮೂರನೇ ವರ್ಷನ್ನಿನದು. ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದೆ, ಮತ್ತೆ ಯಾರೋ ತೆರೆಯುತ್ತಿದ್ದಾರೆ, ಮತ್ತೆ ಮುಚ್ಚಿಕೊಳ್ಳುತ್ತಿದೆ. ಸಾವಿರಾರು ಮಂದಿಯಲ್ಲಿ ಒಬ್ಬರು. ತಲೆ ಕೆಡಿಸಿಕೊಳ್ಳುವಂಥದ್ದಲ್ಲ.

ಜೂನ್ ೧೭, ಮಂಗಳವಾರ

ಆ ಒಬ್ಬರ ಮನೆಗೆ ಹೋಗಿ ಬಂದೆ. ಕೂತು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಒಬ್ಬ ಹೆಂಗಸು ಮೇಡಂಗೆ ಫೋನು ಮಾಡಿದ್ದರು. ಗಂಡ ಬಸ್ಸಿನ ಕಂಡಕ್ಟರ್ ಆಗಿದ್ದವರು. ಗಂಟಲಿನ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಅದರ ಹಿಂದಿನ ದಿನ ಮೇಡಂ ಆಸ್ಪತ್ರೆಯ ಮಂಚದ ಪಕ್ಕ ಕೂತು, ಅವರಿಗೆ ಮುಂದೆ ಏನೇನು ಮಾತು ಬೇಕಾದೀತೋ ಅಷ್ಟನ್ನೂ ಅವರದೇ ಧ್ವನಿಯಲ್ಲಿ ಹಲಗೆಗೆ ತುಂಬಿಸಿದ್ದರಂತೆ. ಈಗ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸ. ಯಾರಾದರೂ ಬಸ್ಸು ಕೇಳಿದರೆ ಚೌಕ ಒತ್ತುತ್ತಾರೆ, ಉತ್ತರ ಅವರ ಧ್ವನಿಯಲ್ಲೇ ಬರುತ್ತದೆ. ನಮ್ಮ ಸಂದೇಶ ನೋಡಿ ಹೇಳಿದ ಮಾತು ಕೇಳುವವರಂತೆ ಅಪ್‌ಡೇಟ್ ಒತ್ತಿದ್ದಾರೆ. ಅವತ್ತಿನಿಂದ ಹಲಗೆ ತೆರೆದಿಲ್ಲ.

ಮೇಡಂ ಇದನ್ನು ಹೇಳಿ ಕೊನೆಗೆ ಅಂದರು: "ದೂರು ಕೊಟ್ಟಿದ್ರಂತೆ. ಆ್ಯಪ್ ತೆಗೆದುಹಾಕಿ ಮತ್ತೆ ಹಾಕಿಕೊಳ್ಳಿ ಅಂತ ನಮ್ಮಿಂದಲೇ ಉತ್ತರ ಬಂದಿದೆಯಂತೆ."

ತಕ್ಷಣ ಎದ್ದು ನಿಂತೆ. ಅದು ದೂರು ಬಂದರೆ ತಾನಾಗಿಯೇ ಹೋಗುವ ಉತ್ತರ. ಬರೆದಿಟ್ಟವಳು ನಾನೇ. ತೆಗೆದುಹಾಕಿದರೆ ಹಲಗೆಯ ಜೊತೆ ಅದರೊಳಗಿನ ಧ್ವನಿಯೂ ಹೋಗುತ್ತದೆ, ಮತ್ತೆ ಹಾಕಿಕೊಂಡರೆ ಬರುವುದು ಖಾಲಿ ಹಲಗೆ. ಆ ಧ್ವನಿ ಈ ಲೋಕದಲ್ಲಿ ಇನ್ನೆಲ್ಲೂ ಇಲ್ಲ, ಮತ್ತೆ ತುಂಬಲು ಗಂಟಲೂ ಇಲ್ಲ. ಅವರ ಮನೆಗೆ ಫೋನು ಹಚ್ಚಿದರೆ ಯಾರೂ ಎತ್ತಲಿಲ್ಲ. ಚಪ್ಪಲಿ ಮೆಟ್ಟಿಕೊಂಡವಳೇ ಓಡಿದೆ.

ಮೂರನೇ ಮಹಡಿಯ ಪುಟ್ಟ ಮನೆ. ಬಾಗಿಲು ತೆರೆದದ್ದು ಹೆಂಡತಿ. ನಾನು ನಮಸ್ಕಾರ ಕೂಡ ಹೇಳದೆ, "ತೆಗೆದುಬಿಟ್ರಾ?" ಅಂದೆ.

"ಎಲ್ಲಿ ತೆಗೆಯೋಕೆ ಬಿಟ್ರು ಇವರು! ಮೊಬೈಲ್ ಅಂಗಡಿಯವನು ತೆಗೆದು ಹಾಕ್ತೀನಿ ಕೊಡಿ ಅಂದ. ನೀವೂ ಹಂಗೇ ಬರೆದಿದ್ರಿ. ಇವರು ಫೋನು ಕಿತ್ತುಕೊಂಡು ಬಂದು ಆ ಚೀಲಕ್ಕೆ ಹಾಕಿದವರು, ನನ್ನ ಕೈಗೂ ಕೊಟ್ಟಿಲ್ಲ."

ಕಂಡಕ್ಟರ್ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಕುತ್ತಿಗೆಗೆ ಹತ್ತಿಯ ಬಟ್ಟೆ, ಹೆಗಲಿಗೆ ತಮ್ಮ ಹಳೆಯ ಟಿಕೆಟ್ ಚೀಲ, ಚೀಲದ ಬಾಯಿಯ ಮೇಲೆ ಕೈ. ಹೋದ ಜೀವ ಬಂದಂತಾಯಿತು ನನಗೆ. ಹಟಮಾರಿಗಳನ್ನು ಕಂಡರೆ ಆಗದವಳು ನಾನು. ಈ ಹಟಕ್ಕೆ ಎರಡೂ ಕೈ ಮುಗಿದೆ.

ಅವರು ಸ್ಲೇಟಿನ ಮೇಲೆ ಬರೆದು ತೋರಿಸಿದರು: "ಇದೆಯಾ, ಹೋಯಿತಾ?"

"ಇದೆ ಅಂತ ಅನ್ಕೊಂಡಿದೀನಿ" ಅಂದೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಬರಲಿಲ್ಲ.

ಮಿಕ್ಕಿದ್ದನ್ನು ಹೆಂಡತಿ ಹೇಳಿದರು. ವಿಚಾರಣೆ ಕಿಟಕಿಯಲ್ಲಿ ಸ್ಲೇಟು ಹಿಡಿದು ನಿಭಾಯಿಸಲು ನೋಡಿದ್ದಾರೆ. ಬಸ್ಸು ಹೊರಡುವ ಹೊತ್ತಿನಲ್ಲಿ ಯಾರಿಗಿದೆ ಅಷ್ಟು ತಾಳ್ಮೆ? ಮುಂದಿನ ಸೋಮವಾರದಿಂದ ಕಳೆದುಹೋದ ಸಾಮಾನಿನ ಕೋಣೆಯಲ್ಲಿ ಕೂತುಕೊಳ್ಳಿ, ಅಲ್ಲಿ ಮಾತು ಬೇಕಾಗಲ್ಲ, ಎಂದು ಅಧಿಕಾರಿ ಹೇಳಿದ್ದಾರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಮೆಟ್ಟಿಲವರೆಗೆ ಬಿಡಲು ಬಂದ ಆಕೆ ದನಿ ತಗ್ಗಿಸಿದರು. "ಕೆಲಸ ಹೆಂಗೋ ಆಗತ್ತಮ್ಮಾ. ಮದುವೆಯಾದಾಗಿಂದ ಇವರು ನನ್ನ ಹೆಸರು ಹಿಡಿದು ಕರೆದವರಲ್ಲ. 'ಏನೇ' ಅಂತಾರೆ, ಅಷ್ಟೇ. ಆ 'ಏನೇ' ಒಂದು ಸಿಕ್ಕಿದ್ರೆ ಸಾಕು ನಂಗೆ."

ಒಳ್ಳೆಯದೇನು ಎಂದು ಇವತ್ತು ಹುಡುಕಬೇಕಿಲ್ಲ. ಅಪಶಕುನ ಆ ಸಾಲು ತೆಗೆಸದೆ ಹೋಗಿದ್ದರೆ ಫೋನು ತೆರೆದ ಕ್ಷಣವೇ ಎಲ್ಲ ಅಳಿಸಿಹೋಗಿರುತ್ತಿತ್ತು. ಹಲಗೆ ತೆರೆಯದೆ ಸತ್ತು ಬಿದ್ದಿದೆಯಲ್ಲ, ಅದೇ ನಮ್ಮ ಪುಣ್ಯ.

ಜೂನ್ ೧೮, ಬುಧವಾರ

ಆ್ಯಪ್ ಬಿದ್ದಾಗ ಕಂಡಕ್ಟರ್ ಫೋನು ತಾನಾಗಿಯೇ ಕಳಿಸಿದ ವರದಿಯನ್ನು ಬೆಳಿಗ್ಗೆಯಿಂದ ದಿಟ್ಟಿಸುತ್ತಿದ್ದೇನೆ. ಮೂರರಿಂದ ನಾಲ್ಕಕ್ಕೆ ಹತ್ತುವಾಗ ಬಿದ್ದಿದೆ. ಕಾರಣ: "ಧ್ವನಿಗಳ ಟೇಬಲ್ ಇಲ್ಲ."

ಇಲ್ಲ ಎಂದರೆ? ಮತ್ತೊಮ್ಮೆ ಓದಿದೆ. ಮೂರನೇ ವರ್ಷನ್ನಿನಲ್ಲಿ ಚಿತ್ರಗಳಿಗೆ ಒಂದು ಟೇಬಲ್, ಅಂದರೆ ಡೇಟಾಬೇಸಿನೊಳಗಿನ ಒಂದು ಪಟ್ಟಿ, ಧ್ವನಿಗಳಿಗೆ ಬೇರೆಯೇ ಟೇಬಲ್. ಅದೇ ಇಲ್ಲದಿದ್ದರೆ ಧ್ವನಿ ಎಲ್ಲಿದೆ? ಮಧ್ಯಾಹ್ನ ಊಟ ಸೇರಲಿಲ್ಲ. ಅಮ್ಮನ ಫೋನು ಬಂದಾಗ ಎತ್ತಿ, "ಅಮ್ಮಾ, ಸುಮ್ನೆ ಏನಾದ್ರೂ ಮಾತಾಡು" ಅಂದೆ. ಹಿತ್ತಲಿಗೆ ಬರುವ ಬೆಕ್ಕಿನ ಬಗ್ಗೆ ಮಾತಾಡಿದಳು. ಸ್ವಲ್ಪ ಉಸಿರಾಡುವಂತಾಯಿತು.

ಸಂಜೆ ಬೇಕರಿ ಅಣ್ಣನಿಗೆ ಫೋನು ಮಾಡಿದೆ. ಈ ಆ್ಯಪ್ ಮೊದಲು ಕಟ್ಟಿದವರು ಅವರು, ಈಗ ಕೆಲಸ ಬಿಟ್ಟು ಬೇಕರಿ ನಡೆಸುತ್ತಾರೆ. ಹಿಂದಿನಿಂದ ತಟ್ಟೆಗಳ ಸದ್ದು ಬರುತ್ತಿತ್ತು.

"ಮೂರನೇ ವರ್ಷನ್, ಆದ್ರೆ ಧ್ವನಿ ಟೇಬಲ್ ಇಲ್ವಾ?" ತಟ್ಟೆ ಕೆಳಗಿಟ್ಟ ಸದ್ದಾಯಿತು. "ಅಯ್ಯೋ! ಅದು ಆಸ್ಪತ್ರೆ ಫೋನು ಕಣಮ್ಮಾ! ಆ್ಯಪ್ ಇನ್ನೂ ಬಿಡುಗಡೆ ಆಗೋ ಮುಂಚೆ ಮೇಡಂ ಕೈಯಾರೆ ಒಂದಿಬ್ಬರಿಗೆ ಹಾಕಿಕೊಟ್ಟಿದ್ರು. ಆಗ ಚಿತ್ರ, ಧ್ವನಿ ಎರಡೂ ಒಂದೇ ಟೇಬಲಲ್ಲಿ ಇದ್ವು. ಆಮೇಲೆ ಬೇರೆ ಮಾಡಿದ್ವಿ. ಬಿಡುಗಡೆ ಆಗಿಲ್ಲವಲ್ಲ, ಯಾರು ನೋಡ್ತಾರೆ ಅಂತ ನಂಬರ್ ಬದಲಾಯಿಸಲಿಲ್ಲ. ಎರಡಕ್ಕೂ ಮೂರು ಅಂತಲೇ ಇದೆ."

ಅಂದರೆ ಆ ಫೋನಿನ ಹಣೆಯ ಮೇಲೆ ಮೂರು ಎಂದು ಬರೆದಿದೆ, ಹೊಟ್ಟೆಯೊಳಗೆ ಮೂರು ಇಲ್ಲ. ನಮ್ಮ ಮೆಟ್ಟಿಲು ಹಣೆ ನೋಡಿ ನಂಬಿತು.

"ಹಂಗಾದ್ರೆ ಧ್ವನಿ ಇದೆಯಾ ಅಣ್ಣಾ?"

"ಇರಬೇಕು. ಪ್ರತಿ ಮೆಟ್ಟಿಲಿಗೂ ಒಂದು ಗಂಟು ಹಾಕಿದೀನಿ. ಅರ್ಧಕ್ಕೆ ನಿಂತ್ರೆ ಮಾಡಿದ್ದೆಲ್ಲ ವಾಪಸ್ ಹೋಗಿ ಮೊದಲಿನ ಥರಾನೇ ಆಗತ್ತೆ. ಅದೊಂದು ಮಾತ್ರ ಸರಿಯಾಗಿ ಮಾಡಿದ್ದೆ ನೋಡು."

ಸಂತೋಷಕ್ಕೆ ಅವರಿಗೆ ಎರಡು ಸಲ ಥ್ಯಾಂಕ್ಸ್ ಹೇಳಿದೆ. ಬ್ರೆಡ್ಡು ಸೀಯುತ್ತಿದೆ ಎಂದು ಅವರೇ ಇಟ್ಟರು.

ಜೂನ್ ೧೯, ಗುರುವಾರ

ಹೊಸ ಮೆಟ್ಟಿಲು ಬರೆದೆ. ನಂಬರ್ ಕೇಳುವುದಿಲ್ಲ, ಮೊದಲು ಒಳಗೆ ಇಣುಕಿ ನೋಡುತ್ತದೆ. ಧ್ವನಿ ಬೇರೆ ಟೇಬಲಿನಲ್ಲಿದ್ದರೆ ಹಳೆಯ ದಾರಿ. ಚಿತ್ರದ ಜೊತೆಗೇ ಇದ್ದರೆ ಮೆತ್ತಗೆ ಬಿಡಿಸಿ, ಅದಕ್ಕೊಂದು ಜಾಗ ಮಾಡಿಕೊಟ್ಟು, ಆಮೇಲೆ ಮುಂದಿನ ಮೆಟ್ಟಿಲು. ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೆ ಪರೀಕ್ಷೆ ಯಾವುದರ ಮೇಲೆ? ಕಂಡಕ್ಟರ್ ಫೋನಿನ ಮೇಲೆ ಮೊದಲ ಪ್ರಯೋಗ ಮಾಡಲು ನನಗೆ ಕೈ ಬರುವುದಿಲ್ಲ. ಒಂದು ನಕಲು ತೆಗೆದಿಟ್ಟುಕೊಳ್ಳೋಣವೆಂದರೆ ಆ ಕಾಲದ ಆ್ಯಪ್‌ನಲ್ಲಿ ಅದಕ್ಕೆ ದಾರಿಯೇ ಇಲ್ಲ.

ಅಪಶಕುನ ಡ್ರಾಯರ್ ಎಳೆದು, ತಳದಿಂದ ಒಂದು ಕರಿಯ ಫೋನು ತೆಗೆದು ಮೇಜಿನ ಮೇಲಿಟ್ಟರು. ಬೆನ್ನಿಗೆ ಆಸ್ಪತ್ರೆಯ ಚೀಟಿ ಅಂಟಿಸಿತ್ತು. ಮೇಡಂ ಆಗ ಮಾತು ತುಂಬುವುದು ಹೇಗೆಂದು ರೋಗಿಗಳಿಗೆ ತೋರಿಸಲು ಇಟ್ಟುಕೊಂಡಿದ್ದ ಫೋನು.

"ಇದನ್ನ ಎಸೀರಿ ಅಂತ ನೀವು ಎಷ್ಟು ಸಲ ಹೇಳಿದ್ರಿ, ನೆನಪಿದೆಯಾ?"

"ಇವತ್ತು ಏನು ಬೇಕಾದ್ರೂ ಅನ್ನಿ, ಕೇಳಿಸ್ಕೋತೀನಿ."

ಅದರ ಚಾರ್ಜರ್ ಇರಲಿಲ್ಲ. ಅಂಥ ಪಿನ್ನು ಈಗ ಅಂಗಡಿಯಲ್ಲೂ ಸಿಗುವುದಿಲ್ಲ. ಕೊನೆಗೆ ಕೆಳಗಿನ ಟೈಲರ್ ಹತ್ತಿರ ಸಿಕ್ಕಿತು, ಹೊಲಿಗೆ ಯಂತ್ರದ ದೀಪಕ್ಕೆ ಸಿಕ್ಕಿಸಿಕೊಂಡಿದ್ದರು. ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಿ ಎಂದು ಬಿಚ್ಚಿ ಕೊಟ್ಟು, ದೀಪವಿಲ್ಲದೆ ಬಾಗಿಲ ಬಳಿ ಬೆಳಕಿಗೆ ಯಂತ್ರ ಎಳೆದುಕೊಂಡು ಕೂತರು. ಈ ಮನುಷ್ಯನ ಸ್ಕೂಟರಿನ ಮೇಲೆ ನಾನು ಎಷ್ಟು ಸಿಟ್ಟಾಗಿಲ್ಲ!

ಮೊದಲ ಸಲ ಬಿತ್ತು. ಒಂದು ಅಲ್ಪವಿರಾಮ ಮರೆತಿದ್ದೆ. ಎರಡನೇ ಸಲ ಹಲಗೆ ತೆರೆಯಿತು. ಲೋಟದ ಚಿತ್ರ ಒತ್ತಿದರೆ, ಅಂದಿನ, ಇನ್ನೂ ಚಿಕ್ಕ ವಯಸ್ಸಿನ ಮೇಡಂ "ನೀರು ಬೇಕು" ಅಂದರು. ಪಕ್ಕದ ಕೋಣೆಯಿಂದ ಈಗಿನ ಮೇಡಂ ಓಡಿ ಬಂದರು. ಮೂರೂ ಜನ ಮಕ್ಕಳ ಹಾಗೆ ಅದನ್ನೇ ಒತ್ತಿ ಒತ್ತಿ ಕೇಳಿದೆವು.

ಜೂನ್ ೨೦, ಶುಕ್ರವಾರ

ನಾನೂ ಅಪಶಕುನವೂ ಹೋದೆವು. ಕಂಡಕ್ಟರ್ ಚೀಲದಿಂದ ಫೋನು ತೆಗೆದು, ಒರೆಸಿ, ಮೇಜಿನ ಮೇಲಿಟ್ಟರು. ಹೆಂಡತಿ ಅಲ್ಲಿ ನಿಲ್ಲಲಾರದೆ ಅಡಿಗೆಮನೆಗೆ ಹೋಗಿ ಪಾತ್ರೆ ತೊಳೆಯಲು ಹಿಡಿದರು.

ಇರುವುದನ್ನು ಇರುವ ಹಾಗೆ ಹೇಳಿದೆ. "ಇದೇ ಥರದ ಬೇರೆ ಫೋನಲ್ಲಿ ಸರಿಯಾಗಿದೆ. ಇದರಲ್ಲೂ ಆಗತ್ತೆ ಅಂತ ನಂಬಿಕೆ. ಆದ್ರೆ ಖಂಡಿತ ಅಂತ ಹೇಳೋಕಾಗಲ್ಲ. ಬೇಡ ಅಂದ್ರೆ ಹಿಂಗೇ ಬಿಡ್ತೀನಿ." ಒತ್ತಲು ಬೆರಳು ಹೋಗದೆ ಗಾಳಿಯಲ್ಲೇ ನಿಂತಿತ್ತು.

ಅವರು ಫೋನನ್ನು ನನ್ನ ಕಡೆಗೆ ಸರಿಸಿದರು. ಆಮೇಲೆ ಅಂಗೈಯಿಂದ ಮೇಜಿಗೆ ಎರಡು ಸಲ ತಟ್ಟಿದರು. ಬಸ್ಸಿನ ಮೈಗೆ ಕಂಡಕ್ಟರು ತಟ್ಟುವುದು ಹಾಗೆಯೇ: ಎಲ್ಲರೂ ಹತ್ತಿದ್ದಾರೆ, ಹೊರಡು.

ಒತ್ತಿದೆ.

ಪರದೆ ಬೆಳ್ಳಗಾಯಿತು. ಹಾಗೆಯೇ ಇತ್ತು. ಅಪಶಕುನ ಮೇಜಿನ ಮೇಲೆ ಬಾಗಿದರು. ಆಮೇಲೆ ಒಂದೊಂದೇ ಚೌಕ ಬಂತು, ಬಸ್ಸು, ಗಡಿಯಾರ, ಲೋಟ, ಮನೆ, ಒಂದು ಹೆಂಗಸಿನ ಚಿತ್ರ. ಕಂಡಕ್ಟರ್ ಆ ಹೆಂಗಸಿನ ಚಿತ್ರ ಒತ್ತಿದರು.

ಸದ್ದಿಲ್ಲ.

ಮತ್ತೆ ಒತ್ತಿದರು. ಇಲ್ಲ. ಅಷ್ಟರಲ್ಲಿ ಅಪಶಕುನ ಕೈ ಚಾಚಿ ಫೋನಿನ ಪಕ್ಕದ ಗುಂಡಿಯನ್ನು ಮೇಲಕ್ಕೆ ಒತ್ತಿ ಹಿಡಿದರು. "ವಾಲ್ಯೂಮ್ ಇಳಿಸಿದೆ ಕಣ್ರೀ" ಅಂದರು, ಅಳುವ ದನಿಯಲ್ಲಿ.

"ಏನೇ! ಎಲ್ಲಿದ್ದೀಯ?" ಎಂದಿತು ಫೋನು. ಇಡೀ ಬಸ್ಸಿಗೆ ಕೇಳಿಸುವಂಥ ಕಂಠ.

"ಬಂದೇ ಇರ್ರೀ, ಕೈ ಒದ್ದೆ ಇದೆ!" ಎಂದು ಅಡಿಗೆಮನೆಯಿಂದ ರೇಗಿದ ಉತ್ತರ ಬಂತು. ಉತ್ತರ ಕೊಟ್ಟ ಬೆನ್ನಿಗೇ ಅಲ್ಲಿ ನಲ್ಲಿ ನೀರಿನ ಸದ್ದೊಂದೇ ಉಳಿಯಿತು. ಆಮೇಲೆ ಅದನ್ನೂ ನಿಲ್ಲಿಸಿ ಆಕೆ ಬಾಗಿಲಿಗೆ ಬಂದು ನಿಂತರು, ಒದ್ದೆ ಕೈಯನ್ನು ಬಾಯಿಗೆ ಒತ್ತಿಕೊಂಡು. ಕಂಡಕ್ಟರ್ ನಗುತ್ತಾ ಇನ್ನೊಮ್ಮೆ ಒತ್ತಿದರು. ಆಕೆ ಅಳುತ್ತಾ ಬೈದರು. "ಬಂದೆ ಅಂದ್ನಲ್ಲ, ಎಷ್ಟು ಸಲ ಕರೀತೀರಿ!"

ನಾವಿಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. "ನಿಮ್ಮ ಹೆಸರು ಬದಲಾಯಿಸ್ಬೇಕು" ಅಂದೆ. "ಬೇಡ, ಇದೇ ಇರಲಿ, ಅಭ್ಯಾಸ ಆಗಿದೆ" ಅಂದರು ಅಪಶಕುನ.

ಜೂನ್ ೨೮, ಶನಿವಾರ

ವಾರದಿಂದ ಬರೆದಿಲ್ಲ. ಕೆಲಸವಿತ್ತು. ತಾನಾಗಿಯೇ ಹೋಗುವ ಆ ಉತ್ತರ ಕಿತ್ತುಹಾಕಿದೆ, ಇನ್ನು ಮೇಲೆ ಹಳೆಯ ವರ್ಷನ್ನಿನವರ ದೂರಿಗೆ ನಾನೇ ಫೋನು ಮಾಡುತ್ತೇನೆ. ಹತ್ತುವ ಮುಂಚೆ ಹಲಗೆಯ ನಕಲು ತೆಗೆದಿಡುವ ದಾರಿಯನ್ನೂ ಮಾಡಿದೆ. ಟೈಲರಿಗೆ ಚಾರ್ಜರ್ ಹಿಂದಿರುಗಿಸಿ, ಕುಪ್ಪಸವೊಂದಕ್ಕೆ ಅಳತೆ ಕೊಟ್ಟು ಬಂದೆ. ಹಾಲು ಎರಡು ಸಲ ಉಕ್ಕಿತು, ಬೆಳಿಗ್ಗೆ ಅಮ್ಮನ ಜೊತೆ ಮಾತಾಡುತ್ತಾ ಒಲೆ ಮರೆಯುವುದು ಒಂದು ರೋಗವಾಗಿದೆ. ಅವಳಿಗೆ ನನ್ನ ಕೆಲಸ ಏನೆಂದು ಈಗ ಗೊತ್ತು. ಪಕ್ಕದ ಮನೆಯವರಿಗೆ, "ನನ್ನ ಮಗಳು ಹಳೇ ಫೋನಿನವರನ್ನ ಕೈ ಹಿಡಿದು ಮೇಲೆ ಹತ್ತಿಸ್ತಾಳೆ" ಎಂದು ಹೇಳಿದ್ದಾಳಂತೆ. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬಾರದು.

ಇದನ್ನು ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ. ಎರಡು ದಿನ ರಜೆ, ಅಮ್ಮನ ಹತ್ತಿರ ಹೋಗುತ್ತಿದ್ದೇನೆ. ನಿಲ್ದಾಣದಲ್ಲಿ ಅವಳ ಫೋನು ಬಂತು. ಆ "ಬೇಡ" ಕಥೆಯಲ್ಲಿ ನಾನು ಏನನ್ನು ಬೇಡ ಎಂದದ್ದು, ನನಗೆ ನೆನಪೇ ಇಲ್ಲ, ಎಂದು ಕೇಳಿದೆ. "ನಾನು ನಿನ್ನ ಬಿಟ್ಟು ಅಂಗಡಿಗೆ ಹೊರಟಿದ್ದೆ ಕಣೇ. ಸೆರಗು ಹಿಡ್ಕೊಂಡು ಬೇಡ ಅಂದೆ" ಅಂದಳು. ಅಷ್ಟು ಸಲ ಹೇಳಿದ್ದಾಳೆ, ಕೊನೆಯವರೆಗೆ ನಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ಫೋನು ಕಿವಿಯಲ್ಲಿರುವಾಗಲೇ ವಿಚಾರಣೆ ಕಿಟಕಿಗೆ ಬಂದೆ. ನೂಕುನುಗ್ಗಲು. ಒಳಗೆ ಕಂಡಕ್ಟರ್ ಇಸ್ತ್ರಿ ಹಾಕಿದ ಅಂಗಿಯಲ್ಲಿ, ಚೌಕ ಒತ್ತುತ್ತಾ, ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾ ಕೂತಿದ್ದರು. ನನ್ನನ್ನು ಕಂಡವರೇ ಕಣ್ಣು ಮಿಟುಕಿಸಿ, ಬಸ್ಸಿನ ಚಿತ್ರದ ಪಕ್ಕದ ಚೌಕ ಒತ್ತಿದರು.

"ಮುಂದೆ ಬನ್ನಿ, ಮುಂದೆ ಬನ್ನಿ, ಒಳಗೆ ಜಾಗ ಇದೆ!"

ಸಾಲಿನಲ್ಲಿದ್ದವರೆಲ್ಲ ನಕ್ಕು ದಾರಿ ಬಿಟ್ಟರು. ಅವರು ಕಟ್ಟೆಗೆ ಎರಡು ಸಲ ತಟ್ಟಿದರು.

ಅಮ್ಮನಿಗೂ ಕೇಳಿಸಿತ್ತು. "ಯಾರೇ ಅದು?" ಅಂದಳು. "ಎಂಥಾ ಗಂಟಲಪ್ಪಾ! ಆ ಮನುಷ್ಯನಿಗೆ ಹುಟ್ಟಿದಾಗಿಂದ ಒಂದು ನೆಗಡಿನೂ ಬಂದಿರಲಿಕ್ಕಿಲ್ಲ ನೋಡು."

"ಹೌದಮ್ಮಾ" ಅಂದೆ. "ಒಳ್ಳೇ ಗಂಟಲು."